ನಾಲ್ಕನೆಯ ತಿತ್ತಿ

ಮಾನೋಲಣ್ಣನಿಗೆ,

ನೀನು ಫೋನ್ ಎತ್ತುವುದನ್ನು ಬಿಟ್ಟ ಮೇಲೆ ನನಗೆ ಉಳಿದದ್ದು ಈ ಕಾಗದವೊಂದೇ. ನೀನು ಬಚ್ಚಿಟ್ಟುಕೊಂಡಿರುವ ಬೆಟ್ಟದ ಕುರಿಹಟ್ಟಿಗೆ ಹಾಲು ತರಲು ಹೋಗುವ ವ್ಯಾನಿನ ರಾಡ್ಕೊ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೆ ಆಲೂಗಡ್ಡೆ ರೊಟ್ಟಿ ಇದೆ. ರೊಟ್ಟಿ ತಿಂದು ಕಾಗದವನ್ನು ಒಲೆಗೆ ಹಾಕಬೇಡ. ಮೊದಲು ಓದು, ಆಮೇಲೆ ಎಷ್ಟು ಬೇಕಾದರೂ ಬೈ.

ಪ್ಲೋವ್ದಿವ್ ಆಸ್ಪತ್ರೆಯಿಂದ ನೀನು ಹೇಳದೆ ಕೇಳದೆ ಎದ್ದು ಹೋದ ಮೇಲೆ ಡಾಕ್ಟರ್ ತ್ಸೊಂಕೋವಾ ನನ್ನನ್ನು ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ಹರೆಯದಲ್ಲಿ ನಿನ್ನ ಬೆನ್ನಿಗೆ ಹತ್ತಿದ ಉರಿಯೂತ ಬೆನ್ನನ್ನು ಬಗ್ಗಿಸಿ ಸುಮ್ಮನಾಯಿತೆಂದೇ ನಾವು ತಿಳಿದಿದ್ದೆವು. "ಸೂಜಿ ಕಳ್ಕೊಂಡಿದೀಯೇನೋ ಮಾನೋಲ್?" ಎಂದು ಊರವರು ಛೇಡಿಸಿದರೆ, "ಸಿಕ್ಕಿದ್ರೆ ಮೊದ್ಲು ನಿನ್ ಬಾಯಿ ಹೊಲೀತೀನಿ" ಎನ್ನುತ್ತಿದ್ದೆ. ನಾನೂ ನಗುತ್ತಿದ್ದೆ.

ಅದು ಸುಮ್ಮನಾಗಿರಲಿಲ್ಲ ಅಣ್ಣ. ಒಳಗೊಳಗೇ ಎಲುಬನ್ನು ಸವೆಸುತ್ತಿತ್ತು. ಅದಕ್ಕೇ ಹೋದ ಚಳಿಗಾಲ ಬರೀ ಒಂದು ಬಕೆಟ್ ನೀರೆತ್ತಿದ್ದಕ್ಕೆ ನಿನ್ನ ಬೆನ್ನುಮೂಳೆ ಬಿರುಕು ಬಿಟ್ಟದ್ದು. ಅದೇ ಉರಿ ಹೃದಯದ ಕವಾಟಕ್ಕೂ ತಗುಲಿದೆ. ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಹೊರಗೆ ಹೋದ ರಕ್ತ ಹಿಂದಕ್ಕೇ ಸೋರುತ್ತಿದೆಯಂತೆ. ಎಲುಬಿಗೆ ಒಬ್ಬ ಡಾಕ್ಟರು, ಏದುಸಿರಿಗೆ ಇನ್ನೊಬ್ಬರು ಎಂದು ನಾವು ಅಲೆದದ್ದೇ ಬಂತು. ಎರಡೂ ಒಂದೇ ಕಾಯಿಲೆಯ ಕೆಲಸವೆಂದು ಯಾರಿಗೂ ಹೊಳೆಯಲಿಲ್ಲ.

ನಿನಗಂತೂ ಹೊಳೆಯಲೇ ಇಲ್ಲ. ಗೈದಾ ವಾದ್ಯವನ್ನು ಊದುವಾಗ ಹಾಡಿನ ನಡುವೆ ಉಸಿರು ಸಿಕ್ಕಿಕೊಂಡರೆ ನೀನು ಬೈದದ್ದು ಗಾಳಿ ತುಂಬುವ ಅದರ ಚರ್ಮದ ತಿತ್ತಿಯನ್ನು. "ಚರ್ಮ ಸೋರ್ತಿದೆ ಕಣೇ, ನನ್ ಉಸಿರಿಗೇನೂ ಆಗಿಲ್ಲ" ಎಂದು ಮೇಕೆ ಕೊಯ್ಸಿ ಹೊಸ ತಿತ್ತಿ ಹೊಲಿದೆ. ಅದೂ ಸೋರುತ್ತದೆಂದು ಇನ್ನೊಂದು ಹೊಲಿದೆ. ನಮ್ಮೂರ ರುಫಿಂಕಾಳ ಮದುವೆಯಲ್ಲಿ ನಾನು ಹಾಡುತ್ತಿರುವಾಗಲೇ ಶ್ರುತಿ ಇಳಿದು ನಿಂತುಹೋಯಿತು. ಗೈದಾವನ್ನು ಮೇಜಿನ ಮೇಲೆ ಎಸೆದು ಹೊರಟವನು, ಮರುದಿನ ನನ್ನ ಅಂಗಳಕ್ಕೆ ಇನ್ನೊಂದು ಮೇಕೆ ಕಳಿಸಿ, ಗೆರ್ಗ್ಯೋವ್ದೆನ್ ಹಬ್ಬದೊಳಗೆ ಕೊಯ್ಸಿಡು ಎಂದು ಹೇಳಿಕಳಿಸಿದೆ.

ನಿನ್ನೆ ಮೊದಲಿನ ಹಳೆಯದೂ ಸೇರಿ ಆ ಮೂರೂ ತಿತ್ತಿಗಳನ್ನು ಅಟ್ಟದಿಂದ ಇಳಿಸಿದೆ. ಚಿಕ್ಕಂದಿನಲ್ಲಿ ನೀನೇ ಕಲಿಸಿದ್ದೆಯಲ್ಲ, ಗಾಳಿ ತುಂಬಿ, ಬಾಯಿ ಬಿಗಿದು, ದನ ಕುಡಿಯುವ ತೊಟ್ಟಿಯಲ್ಲಿ ಮುಳುಗಿಸಿ ಹಿಡಿದರೆ ತೂತಿದ್ದಲ್ಲಿ ಗುಳ್ಳೆ ಏಳುತ್ತದೆ ಅಂತ. ಒಂದೊಂದಾಗಿ ಮುಳುಗಿಸಿ ತೋಳು ಮರಗಟ್ಟುವವರೆಗೆ ಹಿಡಿದೆ. ಒಂದೇ ಒಂದು ಗುಳ್ಳೆ ಬರಲಿ ದೇವರೇ, ಡಾಕ್ಟರ್ ಹೇಳಿದ್ದು ಸುಳ್ಳಾಗಲಿ, ನನ್ನಣ್ಣನ ಮಾತೇ ನಿಜವಾಗಲಿ ಎಂದು ಬೇಡಿಕೊಂಡೆ. ಗುಳ್ಳೆ ಬರಲಿಲ್ಲ ಅಣ್ಣ. ಮೂರರಲ್ಲಿ ಒಂದರಿಂದಲೂ ಬರಲಿಲ್ಲ. ತೊಟ್ಟಿಯ ಪಕ್ಕದಲ್ಲೇ ಕೂತು ಗೊಳೋ ಎಂದು ಅತ್ತೆ.

ಕವಾಟ ಸರಿಮಾಡಲು ಎದೆ ತೆರೆದು ಆಪರೇಷನ್ ಮಾಡಬೇಕೆಂದಾಗಿನಿಂದ ನಿನಗಿರುವ ಭಯ ನನಗೆ ಗೊತ್ತು. "ನನ್ ಎಲುಬು ಒಣರೊಟ್ಟಿ ಆಗಿದೆ, ಎದೆ ಸೀಳಿದ್ರೆ ಮತ್ತೆ ಕೂಡಲ್ಲ" ಎಂದು ಆಸ್ಪತ್ರೆಯ ಹಾಸಿಗೆಯಲ್ಲಿ ನನ್ನ ಕೈ ಹಿಡಿದು ಹೇಳಿದ್ದೆ. ಆ ಮಾತನ್ನೇ ಡಾಕ್ಟರ್ ಮುಂದಿಟ್ಟೆ. ಅವರು ಅಪಾಯವಿಲ್ಲವೆಂದು ಹೇಳಲಿಲ್ಲ, ಉಳಿಸಿಯೇ ಕೊಡುತ್ತೇನೆ ಎಂದೂ ಹೇಳಲಿಲ್ಲ. "ಮೂಳೆ ನಿಧಾನಕ್ಕಾದ್ರೂ ಕೂಡುತ್ತಮ್ಮ. ಆ ಕವಾಟ ಮಾತ್ರ ಕಾಯಲ್ಲ" ಎಂದರು. ಸೋಮವಾರದವರೆಗೆ ನಿನ್ನ ಹಾಸಿಗೆ ಉಳಿಸಿಡುತ್ತಾರಂತೆ. ಆಮೇಲೆ ಏನಾಗುತ್ತದೆಂದು ಕೇಳುವ ಧೈರ್ಯ ನನಗಾಗಲಿಲ್ಲ. ನನಗೂ ಭಯ ಅಣ್ಣ, ನಿನಗಿಂತ ಹೆಚ್ಚು. ನೀನಿಲ್ಲದೆ ನಾನು ಯಾವ ಶ್ರುತಿಗೆ ಹಾಡಲಿ?

ಮೇಕೆ ಇನ್ನೂ ನನ್ನ ಅಂಗಳದಲ್ಲೇ ಇದೆ. ಉಪ್ಪು ನೆಕ್ಕಿಸಿ ಸಾಕಿಕೊಂಡಿದ್ದೇನೆ, ಕೊಯ್ಸುವುದಿಲ್ಲ. ಸೋಮವಾರ ಬೆಳಿಗ್ಗೆ ರಾಡ್ಕೊನ ವ್ಯಾನಿನಲ್ಲಿ ನೀನು ಬರದಿದ್ದರೆ ಅದನ್ನು ಹಿಡಿದುಕೊಂಡು ನಾನೇ ಬೆಟ್ಟ ಹತ್ತುತ್ತೇನೆ. ನಿನ್ನ ಕೈಯಾರೆ ಕೊಯ್ದು, ನಾಲ್ಕನೆಯ ತಿತ್ತಿ ಹೊಲಿದು, ನನ್ನ ಕಣ್ಣೆದುರೇ ನೀರಿನಲ್ಲಿ ಮುಳುಗಿಸು. ಅದರಲ್ಲೂ ಗುಳ್ಳೆ ಬರದಿದ್ದರೆ ಇನ್ನು ಯಾರನ್ನು ಕೊಯ್ಯುತ್ತೀ?

ದೇವಮಾತೆ ನಿನ್ನ ಬೆನ್ನಿಗಿರಲಿ. ಬಗ್ಗಿಕೊಂಡೇ ಆಗಲಿ, ನೆಲ ನೋಡಿಕೊಂಡೇ ಆಗಲಿ, ಇಳಿದು ಬಾ ಅಣ್ಣ.

ವ್ಯಾನಿನ ದಾರಿ ಕಾಯುತ್ತಿರುವ ನಿನ್ನ ತಂಗಿ,
ಸೆವ್ದಾ