ಮಾಲಿಯಾಳ ಅಂಗಳದಲ್ಲಿ ಚಾಪೆ ಹೊದ್ದು

೧೭ ಫೆಬ್ರವರಿ ೧೯೩೦, ಸೋಮವಾರ
ಇವತ್ತೂ ಮೆರವಣಿಗೆ. ಡಿಸೆಂಬರಿನ ಗೋಲಿಬಾರಿನ ನಂತರ ಗಂಡಸರು ಕಾಡಿನಲ್ಲಿ ತಲೆಮರೆಸಿಕೊಂಡ ಮೇಲೆ ಸಮೋವಾದ ಸ್ವಾತಂತ್ರ್ಯ ಚಳವಳಿ ಹೆಂಗಸರದ್ದೇ; ಮುಂದಾಳು ನಾನು. ನೀಲಿ ಲುಂಗಿ, ಬಿಳಿ ಪಟ್ಟಿ — ಬಿಳಿಯರ ಸರ್ಕಾರ ನಿಷೇಧಿಸಿದ ಉಡುಪು. ಕೈ ಎತ್ತುವುದಿಲ್ಲವೆಂದು ಎಲ್ಲರ ಆಣೆ. ಆದರೂ ಅಣ್ಣನ ಮಗ ತಾವಿತಾ ಕಾಡಿನಿಂದಿಳಿದು ಎನೆಲೆ ಎಂಬ ಪೊಲೀಸನ ಮುಖಕ್ಕೆ ಕಲ್ಲು ಬೀಸಿದ. ಎನೆಲೆಯೂ ನಮ್ಮವನೇ, ಪಕ್ಕದ ಹಳ್ಳಿಯ ಮಾಲಿಯಾಳ ಕಿರಿಮಗ. ಕಣ್ಣು ಉಳಿಯುತ್ತದೋ ಇಲ್ಲವೋ. ಎನೆಲೆಯ ಅಣ್ಣ ಕೊಡಲಿ ಮಸೆಯುತ್ತಿದ್ದಾನಂತೆ. ಅವನು ಒಬ್ಬನನ್ನು ಕಡಿದರೆ ನಮ್ಮವರು ಇಬ್ಬರನ್ನು... ಆಮೇಲೆ ಯಾವ ಆಣೆ, ಯಾವ ಚಳವಳಿ.

೧೮, ಸಂಜೆ
ನಮ್ಮಲ್ಲಿ ಮನೆಯವರು ತಪ್ಪು ಮಾಡಿದರೆ ಹಿರಿಯರು ನೊಂದವರ ಅಂಗಳದಲ್ಲಿ ಚಾಪೆ ಹೊದ್ದು ಕೂರಬೇಕು. ಅವರು ಚಾಪೆ ಎತ್ತಿದರೆ ಕ್ಷಮೆ. ಕೂರುತ್ತೇನೆ ಅಂದೆ. ತಂಗಿ ಲೆಪೆಕಾ ಉರಿದುಬಿದ್ದಳು.
“ಪೊಲೀಸಿನವನ ಮನೆ ಮುಂದೆಯಾ ಅಕ್ಕ? ನಮ್ಮವರಿಗೆ ಗುಂಡು ಹೊಡೆದೋರು ಯಾವ ಚಾಪೆ ಹೊದ್ದು ಬಂದಿದ್ರು?”
“ಅವರಿಗೆ ಮರ್ಯಾದೆ ಗೊತ್ತಿಲ್ಲ. ನಮಗೆ ಗೊತ್ತಲ್ಲ.”
“ಚಾಪೆ ಎತ್ತದೆ ಕೊಡಲಿ ಎತ್ತಿದ್ರೆ?”
“ಆಗ ನೀನೇ ಮುಂದಾಳು. ಬಾಯಿ ಸ್ವಲ್ಪ ಕಮ್ಮಿ ಮಾಡ್ಕೋ.”
ನಕ್ಕಳು, ಆಮೇಲೆ ಅತ್ತಳು. ನನಗೂ ಭಯವಿದೆ.

೨೦
ನಿನ್ನೆ ಬೆಳಕು ಹರಿಯುವ ಮುಂಚೆ ಹೋಗಿ ಕೂತೆ, ತಾವಿತಾನನ್ನೂ ಪಕ್ಕಕ್ಕೆ ಎಳೆದುಕೊಂಡು. ಇಬ್ಬರಿಗೂ ಒಂದೇ ಚಾಪೆ. “ಅಮ್ಮ, ನೀನು ಒಳಗಿರು” — ಎನೆಲೆಯ ಅಣ್ಣನ ದನಿ. ಬಿಸಿಲೇರಿತು. ಬಾಯೊಣಗಿತು. ನೆತ್ತಿ ಸುಡುವ ಹೊತ್ತಿಗೆ ಯಾರೋ ಚಾಪೆ ಎತ್ತಿದರು.
ಮಾಲಿಯಾ. ಅವಳ ಬೆನ್ನ ಹಿಂದೆ ಕೊಡಲಿ ಹಿಡಿದ ಹಿರಿಮಗ.
“ಕಣ್ಣು ಉಳೀತು. ಹೋಗಿದ್ರೆ ನಾನು ಎತ್ತುತ್ತಿರಲಿಲ್ಲ.” ನನ್ನ ಮುಖ ನೋಡಿದಳು. “ಬೆಂದ ಕೆಸುವಿನ ಗಡ್ಡೆ ಆಗಿದ್ದೀಯ. ಏಳು, ಒಳಗೆ ಬಾ. ಲೋ, ಆ ಕೊಡಲೀಲಿ ಸೌದೆ ಒಡಿ, ಅಡುಗೆ ಆಗಬೇಕು.”
ತಾವಿತಾ ಊಟ ಮುಟ್ಟಲಿಲ್ಲ. ಕಣ್ಣಿಗೆ ಕಟ್ಟು ಕಟ್ಟಿದ್ದ ಎನೆಲೆಯೇ ಮೀನು ಅವನತ್ತ ತಳ್ಳಿ, ನನ್ನತ್ತ ತಿರುಗಿದ. “ಆದ್ರೆ ಅತ್ತೆ, ನಾನು ಪೊಲೀಸೇ. ಮೆರವಣಿಗೆ ಬಂದ್ರೆ ತಡೀಬೇಕು.”
“ತಡಿ ಮಗ. ನಾವು ನಡೀಬೇಕು.”
ಜೀವ ಹಗುರವಾಯಿತು.

೩ ಮಾರ್ಚ್, ಬೆಳಗ್ಗೆ
ಸೇತುವೆಯ ಹತ್ತಿರ ಪೊಲೀಸರು ಸಾಲುಗಟ್ಟಿದ್ದಾರೆ. ಎನೆಲೆಯೂ ಇದ್ದಾನೆ, ಲಾಠಿ ಹಿಡಿದು. ಹೊರಡಬೇಕು ಅನ್ನುವಷ್ಟರಲ್ಲಿ ಮಾಲಿಯಾ ಬಂದಳು — ನೀಲಿ ಲುಂಗಿ, ಬಿಳಿ ಪಟ್ಟಿ.
“ಹಿಂದಿರು ಅಕ್ಕ. ಇವತ್ತು ಹೊಡೀತಾರೆ,” ಅಂದೆ.
“ಮುಂದೇನೇ ನಡೀತೀನಿ. ನನ್ನ ಮಗ ಯಾರನ್ನ ಹೊಡೀತಾನೋ ನೋಡ್ತೀನಿ.”
ಶಂಖ ಊದಿದರು. ಅವಳಾಗಲೇ ಮೆರವಣಿಗೆಯ ಮುಂದೆ, ನಾನು ಇನ್ನೂ ಇಲ್ಲಿ ಬರೆಯುತ್ತ...