ಪರಿಹಾರ ಅಂದರೆ ಮಾಫಿಯಲ್ಲ
೮ ಫೆಬ್ರವರಿ ೨೦೧೧, ಮಂಗಳವಾರ, ಬನಹಟ್ಟಿ

ಶ್ರೀದೇವಿ ಅಕ್ಕ ಕೇಸು ಹಾಕಲು ಒಪ್ಪಿಬಿಟ್ಟರು! ನನ್ನ ಮದುವೆಯಾಗಿ ಎರಡೇ ತಿಂಗಳು, ಅಷ್ಟರಲ್ಲೇ ಇವರ ಅಕ್ಕನಿಗೆ ನನ್ನಿಂದ ಏನೋ ಒಳ್ಳೆಯದಾಯಿತು.

ಅಕ್ಕನ ಗಂಡನ ಮೇಲೆ ಕಬ್ಬಿನ ಲಾರಿ ಹರಿದು ಅವರು ತೀರಿಹೋಗಿ ಎರಡು ವರ್ಷ. ಚಾಲಕನ ಮೇಲೆ ಪೊಲೀಸ್ ಕೇಸು ನಡೆಯುತ್ತಿದೆ. ಹುಬ್ಬಳ್ಳಿಯಲ್ಲಿ ಬಟ್ಟೆ ಹೊಲಿದು ಮಗಳನ್ನು ಸಾಕುತ್ತಿದ್ದರೂ ಅಕ್ಕ ಪರಿಹಾರ ಬೇಡವೆನ್ನುತ್ತಿದ್ದರು. ಅತ್ತೆಯದೂ ಅದೇ ಮಾತು: "ರೊಕ್ಕಾ ಮುಟ್ಟಿದ್ರ ಅವಗ ಮಾಫಿ ಕೊಟ್ಟಂಗ ಆತಲ್ಲ ಬೇ."

ಹಾಗಂತ ಯಾವ ಕಾನೂನಿನಲ್ಲಿದೆ? ನನಗೆ ತಡೆಯಲಾಗಲಿಲ್ಲ. ಇವತ್ತು ಜಮಖಂಡಿಗೆ ಹೋಗಿ ವಕೀಲರನ್ನೇ ಕೇಳಿದೆ.

"ಎರಡೂ ಬ್ಯಾರೆ ಕೇಸ್ ಅದಾವ್ರೀ. ಶಿಕ್ಷಾ ಕೇಳಾವ್ರು ಸರ್ಕಾರದವ್ರು, ಪರಿಹಾರ ಕೇಳಾವ್ರು ನೀವು. ಅದನ್ನ ವಿಮಾ ಕಂಪನಿ ಕೊಡತೈತಿ. ನೀವು ತಗೊಂಡ್ರಂತ ಡ್ರೈವರನ ಕೇಸ್ ಬಿಟ್ಟಹೋಗೂದಿಲ್ಲ."

ತಡವಾಗಿಲ್ಲವೇ ಎಂದೆ. ಈಗಲೂ ಹಾಕಬಹುದಂತೆ!

ಬಂದವಳೇ ಅಕ್ಕನಿಗೆ ಫೋನ್ ಹಚ್ಚಿದೆ. ವಕೀಲರು ಹೇಳಿದ್ದನ್ನೆಲ್ಲ ಹೇಳಿದೆ. ಅಕ್ಕ ಮೆಲ್ಲಗೆ ಕೇಳಿದರು, "ಖರೇನ? ಅವಗ ಮಾಫಿ ಇಲ್ಲಲ್ಲ?"

"ಇಲ್ರೀ ಅಕ್ಕಾ, ಇಲ್ಲ!"

ಬಾಗಿಲಲ್ಲಿ ನಿಂತಿದ್ದ ಅತ್ತೆ ಕಣ್ಣೊರೆಸಿಕೊಂಡರು. "ನಿನ್ನ ಇಂಗ್ಲಿಷ್ ಸಾಲಿ ಇವತ್ತರೆ ಕೆಲಸಕ್ಕ ಬಂತು ನೋಡ!"

ವಕಾಲತ್ತಿಗೆ ಸಹಿ ಹಾಕಲು ಅಕ್ಕ ಬರುತ್ತಾರೆ. ಶುಕ್ರವಾರ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಬಂದು ಕುಡಚಿ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ.