ಗ್ಯಾಲರಿಯ ಕೆಳಗಿನ ಅಂಗಡಿ

ಮಾರ್ಚ್ 3
ಇವತ್ತೂ ಸಭಾಭವನದ ಅಳತೆ. ಅರ್ಧ ದಿನ ಏಣಿಯ ಮೇಲೇ. ನೂರು ವರ್ಷ ಜನ ಭಾಷಣ ಕೇಳಿದ ಜಾಗದಲ್ಲಿ ಇಪ್ಪತ್ತೆರಡು ಅಂಗಡಿಗಳ ನಕ್ಷೆ ಎಳೆಯಬೇಕು. ವೇದಿಕೆಯ ಮೇಲೆ ಮೊಬೈಲ್ ಅಂಗಡಿ. ಪ್ಲೈವುಡ್ ಗೋಡೆಗಳು ಎಂಟು ಅಡಿಗೇ ನಿಲ್ಲುತ್ತವೆ. ಮೇಲೆಲ್ಲ ಖಾಲಿ — ಗಾರೆಯ ಹೂಬಳ್ಳಿ, ಬಣ್ಣದ ಗಾಜಿನ ಕಿಟಕಿ. ಇನ್ನು ಯಾರು ತಲೆಯೆತ್ತಿ ನೋಡುತ್ತಾರೆ?

ಅಕ್ಕನಿಗೂ ಒಂದು ಸಿಕ್ಕಿದೆ. ಜನ ಕೂರುತ್ತಿದ್ದ ಮೇಲಂತಸ್ತಿನ ಗ್ಯಾಲರಿಯ ಕೆಳಗೆ. ಮನೆಯ ಜಗಲಿಯಲ್ಲೇ ಇಪ್ಪತ್ತು ವರ್ಷ ಹೊಲಿದವಳು. ಇವತ್ತು ಬಂದು ಗೋಡೆ ಮುಟ್ಟಿ ಮುಟ್ಟಿ ನೋಡಿದಳು. ನಕ್ಷೆ ಎಳೆಯುವ ನನ್ನನ್ನು ಅವಳು ಕರೆಯುವುದೇ ಸ್ಕೇಲು ಅಂತ.
“ಲೋ ಸ್ಕೇಲು, ಬೋರ್ಡ್ ಮೇಲೆ ನನ್ನ ಹೆಸರು ದಪ್ಪಗೆ ಬರೆಸ್ಬೇಕು ಕಣೋ. ಕನ್ನಡಕ ಇಲ್ದವರಿಗೂ ಕಾಣ್ಬೇಕು.”

ಮಾರ್ಚ್ 5, ಮಧ್ಯಾಹ್ನ
ಗ್ಯಾಲರಿ ಹೊತ್ತ ಮರದ ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿದೆ. ಹಿಡಿಯವರೆಗೂ ಹೋಯಿತು. ಮೇಲೆ ಬಣ್ಣ, ಒಳಗೆ ಗೆದ್ದಲು ತಿಂದ ಪುಡಿ. ಇನ್ನೂ ಮೂರು ಕಡೆ ಚುಚ್ಚಿದೆ. ಎಲ್ಲ ಕಡೆಯೂ ಅದೇ.
ಆ ತೊಲೆಗೆ ನಡುವೆ ಒಂದೇ ಕಬ್ಬಿಣದ ಕಂಬದ ಆಸರೆ. ಅಂಗಡಿಗಳ ಮುಂಭಾಗ ಅಗಲವಾಗಲೆಂದು ಅದನ್ನೂ ತೆಗೆಯುವುದಾಗಿ ನಕ್ಷೆಯಲ್ಲಿದೆ. ನಕ್ಷೆ ಬರೆದವನು ನಾನೇ.
ಕೂತು ವರದಿ ಬರೆದೆ.

ಮಾರ್ಚ್ 6
ನಮ್ಮ ಆಫೀಸಿನ ಯಜಮಾನರು ಓದಿ ಕನ್ನಡಕ ತೆಗೆದಿಟ್ಟರು.
“ಈಗ ತೊಲೆ ಬದಲಾಯಿಸೋದು ಅಂದ್ರೆ ಆರು ತಿಂಗಳು ಕಣ್ರೀ. ಅಲ್ಲೀವರೆಗೂ ಅಷ್ಟು ಜನ ಎಲ್ಲಿಗೆ ಹೋಗ್ಬೇಕು? ನಿಮ್ಮಕ್ಕನೂ ಇದ್ದಾರಂತಲ್ಲ?”
“ಕಂಬನಾದ್ರೂ ಬಿಡೋಣ ಸಾರ್.”
“ಗ್ಯಾಲರಿ ಮೇಲೆ ಭಾರ ಹಾಕಬಾರದು ಅಂತ ಒಂದು ಸಾಲು ಸೇರಿಸಿ. ಸಾಕು.”
ಹೊಸದಾಗಿ ಬರೆದೆ. ಆ ಒಂದು ಸಾಲು ಇದೆ, ತೊಲೆಯ ಮಾತೇ ಇಲ್ಲ. ಸಹಿ ಹಾಕಿ ಕೊಟ್ಟೆ.

ಮಾರ್ಚ್ 8
ಅಕ್ಕನಿಗೆ ಹೇಳಿಬಿಡಬೇಕೆಂದೇ ಹೋದೆ. ಬೋರ್ಡ್ ತಂದು ಮಂಚಕ್ಕೆ ಒರಗಿಸಿದ್ದಳು. ಭಾವ ತೀರಿಹೋದ ಮೇಲೆ ಅವಳ ಮುಖ ಇಷ್ಟು ಅರಳಿದ್ದು ನೋಡಿರಲಿಲ್ಲ… ಟೀ ಕುಡಿದು ಎದ್ದು ಬಂದೆ.

ಮಾರ್ಚ್ 20
ಅಂಗಡಿಗಳು ತೆರೆದವು. ಕಂಬ ಇಲ್ಲ.
ಮಾತು ಕೊನೆಯ ಸಾಲಿಗೂ ಮುಟ್ಟಲೆಂದು ಕಟ್ಟಿದ ಸೂರು. ಈಗ ಎಲ್ಲರ ಚೌಕಾಸಿಯೂ ಮೇಲೆ ಹೋಗಿ ಕಲಸಿಕೊಂಡು ತಲೆಯ ಮೇಲೇ ಬೀಳುತ್ತದೆ. ಅದರ ನಡುವೆ ಅಕ್ಕನ ನಗು ಕೇಳಿಸಿತು. ಒಳಗೆ ಹೋಗಲಿಲ್ಲ.

ಏಪ್ರಿಲ್ 2
ಬೆಳಿಗ್ಗೆ ಹನ್ನೊಂದೂವರೆಗೆ ಗ್ಯಾಲರಿ ಕುಸಿಯಿತು. ಪಕ್ಕದ ಚಪ್ಪಲಿ ಅಂಗಡಿಯವರು ಮೇಲೆ ಡಬ್ಬಗಳನ್ನು ಪೇರಿಸಿದ್ದರಂತೆ. ಲಟಲಟ ಸದ್ದಾದಾಗ ಎಲ್ಲರೂ ಓಡಿದ್ದಾರೆ. ಅಕ್ಕನೂ. ಆದರೆ ಯಾರದೋ ಮದುವೆಯ ರವಿಕೆ ಮೆಷಿನ್ ಮೇಲಿತ್ತು. ಅದನ್ನು ಎಳೆದುಕೊಳ್ಳಲು ಕೈ ಚಾಚಿದ್ದಾಳೆ.
ಬಲಗೈ. ಮೂರು ಬೆರಳು ತೆಗೆದರು.

ಏಪ್ರಿಲ್ 4
ಪೊಲೀಸರು ಆಸ್ಪತ್ರೆಗೆ ಬಂದಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅಕ್ಕ ನನ್ನ ಕಡೆ ನೋಡದೆ ಹೇಳಿದಳು: “ಮೇಲೆ ಏನೂ ಇಡಬೇಡಿ ಅಂತ ನನ್ನ ತಮ್ಮ ಎಲ್ಲರಿಗೂ ಹೇಳಿದ್ದ ಸಾರ್. ಚಪ್ಪಲಿಯವರೇ ಕೇಳ್ಲಿಲ್ಲ.”
ಅವರು ಹೋದ ಮೇಲೆ ಮಂಚದ ಪಕ್ಕ ಕೂತೆ.
“ಅಕ್ಕಾ… ನಾನು ಯಾರಿಗೂ ಹೇಳಿರಲಿಲ್ಲ. ತೊಲೆ ಟೊಳ್ಳಾಗಿತ್ತು. ನಂಗೆ ಗೊತ್ತಿತ್ತು.”
“ಅವತ್ತು ಬಂದು ಮಾತಿಲ್ದೆ ಟೀ ಕುಡಿದ್ಯಲ್ಲ, ಏನೋ ಗಂಟಲಲ್ಲಿ ಸಿಕ್ಕಿಸ್ಕೊಂಡಿದ್ದಾನೆ ಅನ್ನಿಸ್ತು. ಕೇಳೋಣ ಅಂದ್ಕೊಂಡೆ.” ಬ್ಯಾಂಡೇಜಿನ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು. “ಬೋರ್ಡ್ ನೋಡಿದ ಖುಷಿಯಲ್ಲಿ ನಾನೂ ಕೇಳ್ಲಿಲ್ಲ ಕಣೋ.”
ಗೋಡೆಯ ಕಡೆ ತಿರುಗಿಕೊಂಡಳು.

ಏಪ್ರಿಲ್ 5, ಬೆಳಿಗ್ಗೆ 8
ಚಪ್ಪಲಿಯವರನ್ನು ನಿನ್ನೆಯಿಂದ ಠಾಣೆಯಲ್ಲಿ ಕೂರಿಸಿದ್ದಾರೆ. ಅವರ ಹೆಂಡತಿ ಗೇಟಿನ ಹೊರಗೇ ಇದ್ದಾರಂತೆ.
ಯಜಮಾನರ ಫೋನ್. “ನಿಮ್ಮಕ್ಕ ದೊಡ್ಡ ಉಪಕಾರ ಮಾಡಿದ್ರು. ನೀವೂ ಅದನ್ನೇ ಹೇಳಿ ಮುಗಿಸಿ.”
ಹತ್ತಕ್ಕೆ ಠಾಣೆಯಲ್ಲಿ ನನ್ನ ಹೇಳಿಕೆ. ಅಲ್ಲಿ ಹೋದರೆ ನಾಲಿಗೆ ಏಳುವುದಿಲ್ಲ, ನನಗೆ ಗೊತ್ತು. ಇಲ್ಲೇ ಬರೆದು, ಈ ಹಾಳೆಯನ್ನೇ ಹರಿದು ಕೊಡುತ್ತೇನೆ.
ಚಪ್ಪಲಿ ಅಂಗಡಿಯವರಿಗೆ ಯಾರೂ ಏನೂ ಹೇಳಿರಲಿಲ್ಲ. ತೊಲೆ ಹಾಳಾಗಿದ್ದು ಕಂಡವನು ನಾನು. ನನ್ನ ಅಕ್ಕ ನಿಮ್ಮ ಮುಂದೆ ಹೇಳಿದ್ದು ಸುಳ್ಳು, ನನ್ನನ್ನು ಉಳಿಸಲು.